ಲಾ ಕಾಲೇಜಿಗೆ ಸೇರುವ ಮೊದಲು ನಾನು ಹಾಕಿದ ಲೆಕ್ಕ

ಪಿಯುಸಿ ಆದಮೇಲೆ ನನಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು, ಕ್ಲಾಟ್ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಬರೆದು ಸಿಕ್ಕಿದ ಹೊರರಾಜ್ಯದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ. ಹಾಸ್ಟೆಲ್ಲು, ಊಟ ಎಲ್ಲ ಸೇರಿ ವರ್ಷಕ್ಕೆ 3 ಲಕ್ಷದ ಹತ್ತಿರ. ಇನ್ನೊಂದು ಹಾಸನದಲ್ಲೇ, ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜು. ಇಲ್ಲಿನ ಐದೂ ವರ್ಷದ ಫೀಸು ಕೂಡಿಸಿದರೂ ಅಲ್ಲಿನ ಒಂದು ವರ್ಷದ ಖರ್ಚಾಗುತ್ತಿರಲಿಲ್ಲ. ಊರಿಂದ ಬಸ್ಸಿನಲ್ಲಿ ಓಡಾಡಬಹುದಿತ್ತು. ನಾನು ಹಾಸನಕ್ಕೇ ಸೇರಿದೆ.

ಮನೆಯಲ್ಲಿ ಎಲ್ಲರೂ ಒಪ್ಪಿರಲಿಲ್ಲ. "ಹೆಸರಿರೋ ಕಡೆ ಸೇರ್ಕೊಳ್ಳೋ, ಸಾಲ ಹೆಂಗೋ ತೀರುತ್ತೆ" ಅಂತ ಮಾವ ಪದೇ ಪದೇ ಹೇಳಿದರು. ಹೆಂಗೆ ತೀರುತ್ತೆ ಅನ್ನೋದೇ ನನ್ನ ಪ್ರಶ್ನೆಯಾಗಿತ್ತು.

15 ಲಕ್ಷ ಸಾಲ, ಶೇ. 10 ಬಡ್ಡಿ, 10 ವರ್ಷದ ಕಂತು ಅಂದುಕೊಳ್ಳಿ. ತಿಂಗಳಿಗೆ ಸುಮಾರು 20 ಸಾವಿರ ಕಟ್ಟಬೇಕು. ಓದುವಾಗ ಕಂತು ಇರುವುದಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಅದೂ ಅಸಲಿಗೆ ಸೇರಿದರೆ ಕಂತು 25 ಸಾವಿರ ದಾಟುತ್ತದೆ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷಕ್ಕೆ ಕಂತು ಶುರು. ಆ ಹೊತ್ತಿಗೆ ನಾನು ಎಲ್ಲಿರುತ್ತೇನೆ? ನನಗೆ ಬೇಕಾಗಿದ್ದು ಸಿವಿಲ್ ಪ್ರಾಕ್ಟೀಸು, ಮುಂದೆ ನ್ಯಾಯಾಧೀಶರ ಪರೀಕ್ಷೆ. ಅಂದರೆ ಯಾರಾದರೂ ಸೀನಿಯರ್ ಹತ್ತಿರ ಜೂನಿಯರ್ ಆಗಿರುತ್ತೇನೆ. ಜಿಲ್ಲಾ ಕೋರ್ಟಿನಲ್ಲಿ ಜೂನಿಯರ್‌ಗೆ ಎಷ್ಟು ಕೊಡುತ್ತಾರೆ ಅಂತ ವಕೀಲರ ಸಂಘದಲ್ಲಿ ಹೋಗಿ ನೇರವಾಗಿ ಕೇಳಿದೆ. ಬಸ್ ಚಾರ್ಜು, ಊಟದ ಖರ್ಚು ಹುಟ್ಟಿದರೆ ಹೆಚ್ಚು ಅನ್ನುವ ಹಾಗಿತ್ತು ಉತ್ತರ. ಆಮೇಲೆ, 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು, ಜೂನಿಯರ್‌ಗಳಿಗೆ ಪಟ್ಟಣಗಳಲ್ಲಿ ತಿಂಗಳಿಗೆ ಕನಿಷ್ಠ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಕೊಡಿ ಅಂತ ಸಲಹೆ ಕೊಟ್ಟಿತು. ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ಅಷ್ಟು ಪೂರ್ತಿ ಸಿಕ್ಕರೂ ಅದೆಲ್ಲ ಕಂತಿಗೇ ಹೋಗುತ್ತದೆ ಅಲ್ವಾ?

ಈಗ ಸೇರುವವರಿಗೆ ಈ ಲೆಕ್ಕ ಇನ್ನೂ ಮುಖ್ಯ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಡಿಗ್ರಿ ಮುಗಿಸಿ ನೇರ ಪರೀಕ್ಷೆ ಬರೆದು ಸಂಬಳದಲ್ಲಿ ಸಾಲ ತೀರಿಸುತ್ತೇನೆ ಅಂದುಕೊಂಡವರು ಆ ಜೂನಿಯರ್ ವರ್ಷಗಳನ್ನೂ ಲೆಕ್ಕಕ್ಕೆ ಸೇರಿಸಬೇಕು.

ಗುರಿ ಬೇರೆಯಾಗಿದ್ದರೆ ನಾನೇ ಬೇರೆ ಮಾತು ಹೇಳುತ್ತೇನೆ. ನನ್ನ ಗೆಳತಿಯೊಬ್ಬಳಿಗೆ ಕಾರ್ಪೊರೇಟ್ ಕೆಲಸವೇ ಬೇಕಿತ್ತು. ದೊಡ್ಡ ಲಾ ಫರ್ಮ್‌ಗಳು ಜಾಸ್ತಿ ಆರಿಸುವುದು ಮೇಲಿನ ಕೆಲವೇ ಕ್ಯಾಂಪಸ್‌ಗಳಿಂದ, ಅಲ್ಲಿ ಶುರುವಿನ ಸಂಬಳವೇ ವರ್ಷಕ್ಕೆ 15 ಲಕ್ಷ ದಾಟುವುದುಂಟು. ಅವಳು ಸಾಲ ಮಾಡಿ ಅಂಥ ಕಡೆ ಹೋಗಿದ್ದು ಸರಿಯೇ. ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದಲ್ಲಿ ಓದಿದವರಿಗೆ ಶೇ. 25 ಸೀಟಿನ ಮೀಸಲಾತಿ ಇದೆ, ಆ ರ‍್ಯಾಂಕ್ ಬಂದರೆ ಬಿಡಬೇಡಿ. ನನಗೆ ಭಯ ಆಗುವುದು ಊರ ಹತ್ತಿರದ ಕಡಿಮೆ ಫೀಸಿನ ಕಾಲೇಜು, ಮೇಲಿನ ಕ್ಯಾಂಪಸ್, ಇವೆರಡರ ನಡುವಿನ ಜಾಗದ ಬಗ್ಗೆ: ಫೀಸು ದೊಡ್ಡದು, ಕಟ್ಟಡ ಚೆಂದ, ಆದರೆ ಕ್ಯಾಂಪಸ್‌ಗೆ ಬರುವ ಫರ್ಮ್‌ಗಳು ಬೆರಳೆಣಿಕೆ. ಅಲ್ಲಿ "ಪ್ಲೇಸ್‌ಮೆಂಟ್ ಚೆನ್ನಾಗಿದೆ" ಅನ್ನುವ ಮಾತಿಗೆ ಸುಮ್ನೆ ತಲೆ ಆಡಿಸಬೇಡಿ, ಹೋದ ವರ್ಷ ಪಾಸಾದವರಲ್ಲಿ ಎಷ್ಟು ಜನಕ್ಕೆ, ಎಲ್ಲಿ ಕೆಲಸ ಸಿಕ್ಕಿತು ಅಂತ ಅಲ್ಲಿ ಓದಿದವರನ್ನೇ ಕೇಳಿ.

ಹಾಸನದಲ್ಲಿ ನನಗೆ ಸಿಕ್ಕಿದ ದೊಡ್ಡ ಲಾಭ ಕೋರ್ಟಿನ ಹತ್ತಿರದಲ್ಲಿ ಓದಿದ್ದು. ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು, ನಾನು ರಜೆಗಳಲ್ಲೆಲ್ಲ ಒಬ್ಬರೇ ಸೀನಿಯರ್ ಹತ್ತಿರ ಹೋದೆ. ಪಾಲುವಿಭಾಗದ ದಾವೆಯಲ್ಲಿ ಪಹಣಿ, ವಂಶವೃಕ್ಷ ಇಟ್ಟುಕೊಂಡು ವಾದಪತ್ರ ಹೇಗೆ ಬರೆಯುತ್ತಾರೆ, ಪಾಟಿ ಸವಾಲಿನಲ್ಲಿ ಯಾವ ಪ್ರಶ್ನೆ ಕೇಳದೇ ಬಿಡಬೇಕು, ಇದೆಲ್ಲ ಅಲ್ಲೇ ಕಲಿತೆ. ಕಕ್ಷಿದಾರರು ಮಾತಾಡುವುದು ಕನ್ನಡದಲ್ಲಿ, ಸಾಕ್ಷಿ ನುಡಿಯುವುದು ಕನ್ನಡದಲ್ಲಿ. ನಮ್ಮ ರಾಜ್ಯದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಅನುವಾದಕ್ಕೇ ಒಂದು ಪತ್ರಿಕೆ ಇದೆ, ಅದಕ್ಕೂ ಈ ಓಡಾಟವೇ ತಯಾರಿ ಆಯಿತು.

ಕೊರತೆಗಳೂ ಇದ್ದವು. ಲೈಬ್ರರಿ ಚಿಕ್ಕದು, ಮೂಟ್ ಕೋರ್ಟ್ (ವಿದ್ಯಾರ್ಥಿಗಳ ಅಣಕು ನ್ಯಾಯಾಲಯ) ಅಪರೂಪ. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಇಂಡಿಯನ್ ಕಾನೂನ್ ಜಾಲತಾಣದಲ್ಲಿ ದುಡ್ಡಿಲ್ಲದೆ ಓದಿಕೊಂಡೆ. ದಿನಾ ಒಂದು ತೀರ್ಪು ಓದಿ, ಅದರ ಸಾರವನ್ನು ಒಂದು ಪುಟ ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಅಭ್ಯಾಸವಾಗಿತ್ತು. ಬರವಣಿಗೆ ಸುಧಾರಿಸಿದ್ದು ಅದರಿಂದಲೇ.

ಫೀಸಿನಲ್ಲಿ ಉಳಿದ ದುಡ್ಡಿನಲ್ಲಿ ಒಂದು ಭಾಗವನ್ನು ಅಪ್ಪ ನನ್ನ ಹೆಸರಲ್ಲಿ ಠೇವಣಿ ಇಟ್ಟಿದ್ದರು. ಜೂನಿಯರ್ ಆಗಿದ್ದ ಮೊದಲ ಎರಡು ವರ್ಷ ಬಾಡಿಗೆ, ಕೋಟು, ಗೌನು, ಪುಸ್ತಕ ಎಲ್ಲ ಅದರಲ್ಲೇ ನಡೆಯಿತು. ನೀವೂ ಕಾಲೇಜಿನ ಖರ್ಚಿನ ಪಟ್ಟಿ ಮಾಡುವಾಗ ಈ ಎರಡು ವರ್ಷವನ್ನು ಅದರಲ್ಲೇ ಬರೆದುಕೊಳ್ಳಿ.