ರೆಪ್ಪೆ ಊದಿತೇ? ಟ್ಯೂಬ್‌ ಹುಡುಕುವ ಮೊದಲು ಕನ್ನಡಿ ಹಿಡಿಯಿರಿ

ಅಂಕೋಲಾ, ಕುಮಟಾ ಕಡೆ ಗೇರು, ಮಾವು ಕೊಯ್ಯುವ ದಿನಗಳಲ್ಲಿ ರೆಪ್ಪೆ ಊದಿಸಿಕೊಳ್ಳುವುದು ಹೊಸದಲ್ಲ. ಆದರೆ ಎಲ್ಲ ಊತಕ್ಕೂ ಮದ್ದು ಒಂದೇ ಅಲ್ಲ. ಬೆಳಕಿಗೆ ಮುಖ ಮಾಡಿ ಕನ್ನಡಿಯಲ್ಲಿ ನೋಡಿ: ಗಂಟಿದೆಯೇ? ಎಲ್ಲಿದೆ? ನೋಯುತ್ತದೆಯೇ, ಬರೀ ತುರಿಸುತ್ತದೆಯೇ?

ರೆಪ್ಪೆಗೂದಲ ಬುಡದಲ್ಲೇ ಕೆಂಪಗೆ ಎದ್ದು, ಮುಟ್ಟಿದರೆ ನೋಯುವುದು ಕಣ್ಣುಕುಟಿಕೆ, ಅಂದರೆ ಅಲ್ಲಿನ ಗ್ರಂಥಿಗೆ ತಗುಲಿದ ಸೋಂಕು. ಅಂಚಿನಿಂದ ತುಸು ದೂರ, ಬಟಾಣಿಯಂತೆ, ನೋವಿಲ್ಲದೆ ಕೂತಿದ್ದರೆ ಕಲೇಜಿಯನ್‌. ಎಣ್ಣೆಗ್ರಂಥಿಯ ಬಾಯಿ ಕಟ್ಟಿ ಒಳಗಿನ ಜಿಡ್ಡು ಗಟ್ಟಿಯಾಗಿರುತ್ತದೆ.

ಎರಡಕ್ಕೂ ಮೊದಲ ಮದ್ದು ಶಾಖ. ಕೈ ತೊಳೆದು, ಶುಭ್ರ ಹತ್ತಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಿಸಿನೀರಲ್ಲಿ ಅದ್ದಿ ಹಿಂಡಿ. ಮುಂಗೈಯ ಒಳಬದಿಗಿಟ್ಟು ನೋಡಿ, ಅಲ್ಲಿ ಹಿತವೆನಿಸಿದರೆ ಮಾತ್ರ ಮುಚ್ಚಿದ ಕಣ್ಣಿನ ಮೇಲಿಡಿ. 40 ಡಿಗ್ರಿ ಸೆಲ್ಸಿಯಸ್‌ ಆಸುಪಾಸು ಸಾಕು. ಬಟ್ಟೆ ಒಂದೆರಡು ನಿಮಿಷದಲ್ಲೇ ಆರಿಹೋಗುತ್ತದೆ, ಹೆಚ್ಚಿನವರು ಅಷ್ಟಕ್ಕೇ ನಿಲ್ಲಿಸಿ ಗುಣ ಕಾಣಲಿಲ್ಲ ಎನ್ನುತ್ತಾರೆ. ಮತ್ತೆ ಮತ್ತೆ ಅದ್ದಿ 10 ನಿಮಿಷ, ದಿನಕ್ಕೆ 4 ಸಲ ಕೊಡಿ. ಕಲೇಜಿಯನ್‌ ಆದರೆ ಆಮೇಲೆ ಬೆರಳ ತುದಿಯಿಂದ ರೆಪ್ಪೆಯಂಚಿನತ್ತ ಮೆಲ್ಲಗೆ ನೀವಿ. ಕೀವು ಕಂಡರೂ ಹಿಸುಕಬೇಡಿ, ಸೋಂಕು ರೆಪ್ಪೆಯಿಡೀ ಹರಡುತ್ತದೆ. ಕುಟಿಕೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ, ಕಲೇಜಿಯನ್‌ಗೆ ತಿಂಗಳು ಮೀರಿದರೂ ಮೀರೀತು.

ಅಂಚಿನುದ್ದಕ್ಕೂ ಹೊಟ್ಟು, ಬೆಳಿಗ್ಗೆ ರೆಪ್ಪೆ ಅಂಟಿರುವುದು ಬ್ಲೆಫರೈಟಿಸ್‌, ಅಂದರೆ ರೆಪ್ಪೆಯಂಚಿನ ಉರಿಯೂತ. ಶಾಖ ಕೊಟ್ಟ ಮೇಲೆ, ಅರ್ಧ ಲೋಟ ಕಾದಾರಿದ ನೀರಿಗೆ ಎರಡು ಮೂರು ಹನಿ ಬೇಬಿ ಶಾಂಪೂ ಬೆರೆಸಿ, ಹತ್ತಿಯಲ್ಲಿ ಕೂದಲ ಬುಡ ಒರೆಸಿ. ಹೊಟ್ಟು ಹೋಯಿತೆಂದು ಬಿಟ್ಟರೆ ಮರಳಿ ಬರುತ್ತದೆ.

ಇನ್ನು ಸೊನೆ. ರೆಪ್ಪೆಯ ಚರ್ಮ ಅರ್ಧ ಮಿಲಿಮೀಟರಿನಷ್ಟೇ ದಪ್ಪ. ಹಸಿ ಗೇರುಬೀಜದ ಸಿಪ್ಪೆಯೆಣ್ಣೆ, ಮಾವಿನ ತೊಟ್ಟಿನ ಸೊನೆ ಅಂಗೈಗೆ ಏನೂ ಮಾಡಿರುವುದಿಲ್ಲ. ಅದೇ ಕೈಯಲ್ಲಿ ಕಣ್ಣುಜ್ಜಿದರೆ ಒಂದೆರಡು ದಿನ ಕಳೆದು ರೆಪ್ಪೆ ತುರಿಸಿ, ಊದಿ, ಸಿಪ್ಪೆಯೇಳುತ್ತದೆ. ದಿನ ಕಳೆದಿರುವುದರಿಂದಲೇ ಯಾರಿಗೂ ಸೊನೆಯ ನೆನಪಾಗುವುದಿಲ್ಲ! ಇಲ್ಲಿ ಶಾಖ ಬೇಡವೇ ಬೇಡ. ತಣ್ಣೀರ ಬಟ್ಟೆ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸಾಕು. ಹೇರ್‌ಡೈ, ಉಗುರುಬಣ್ಣದಿಂದಲೂ ಹೀಗಾಗುತ್ತದೆ. ಮಳೆಗಾಲದಲ್ಲಿ ದೀಪಕ್ಕೆ ಬರುವ ಕೆಂಪು–ಕಪ್ಪು ಪಟ್ಟೆಯ ಪೆಡೆರಸ್‌ ಹುಳುವನ್ನು ಹೊಸಕಬೇಡಿ, ಊದಿ ಹಾರಿಸಿ. ಅದರ ರಸ ತಾಗಿದ ಬೆರಳು ಕಣ್ಣಿಗೆ ಹೋದರೆ ರೆಪ್ಪೆ ಸುಟ್ಟಂತೆ ಉರಿಯುತ್ತದೆ.

ಗಜಕರ್ಣಕ್ಕೆಂದು ತಂದ, ಸ್ಟಿರಾಯ್ಡ್‌ ಬೆರೆತ ಕ್ರೀಮನ್ನು ದಯವಿಟ್ಟು ರೆಪ್ಪೆಗೆ ತಾಗಿಸಬೇಡಿ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ ನಿಜ, ಹಚ್ಚುತ್ತಲೇ ಹೋದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಜೊತೆಗೆ ಪೊರೆಯೂ ಬರಬಹುದು.

ರೆಪ್ಪೆಯ ಮೇಲೆ, ಮೂಗಿನ ಬದಿಗೆ ಬರುವ ಹಳದಿ ಚಪ್ಪಟೆ ಕಲೆಗೆ ಮುಲಾಮು ನಾಟುವುದಿಲ್ಲ, ಕೊಲೆಸ್ಟ್ರಾಲ್‌ ಪರೀಕ್ಷಿಸಿಕೊಳ್ಳಿ. ನಡುವಯಸ್ಸು ದಾಟಿದವರಿಗೆ ಗಂಟು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ, ಅಲ್ಲಿನ ರೆಪ್ಪೆಗೂದಲು ಉದುರಿದರೆ ಎಣ್ಣೆಗ್ರಂಥಿಯ ಕ್ಯಾನ್ಸರ್‌ ಇರಬಹುದು, ತುಣುಕು ತೆಗೆದು ಪರೀಕ್ಷಿಸಲೇಬೇಕು. ಜ್ವರದ ಜೊತೆ ಕಣ್ಣುಗುಡ್ಡೆ ಮುಂದೆ ಬಂದರೆ, ಹೊರಳಿಸಲು ನೋವಾದರೆ, ಒಂದು ಎರಡಾಗಿ ಕಂಡರೆ ಬೆಳಗಾಗಲೆಂದು ಕಾಯಬೇಡಿ, ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೊರಡಿ.