ಸಂಘಟನೆ ನಡೆಸುವವರಿಗೆ ಬಿಡುವು ಮಾಡಿಕೊಡುವುದು ಹೇಗೆ

ದಲಿತ ಸಂಘಟನೆ ಇರಲಿ, ಪೌರಕಾರ್ಮಿಕರ ಸಂಘ ಇರಲಿ, ಆಶಾ ಕಾರ್ಯಕರ್ತೆಯರ ಸಂಘ ಇರಲಿ, ಮುಂದೆ ನಿಂತು ನಡೆಸುವವರು ಒಬ್ಬರೋ ಇಬ್ಬರೋ ಇರುತ್ತಾರೆ. ರಾತ್ರಿ ಹನ್ನೊಂದಕ್ಕೆ ಫೋನ್ ಹೋಗುವುದು ಅವರಿಗೇ, ಬೆಳಿಗ್ಗೆ ಠಾಣೆ ಮುಂದೆ ಕೂರುವವರೂ ಅವರೇ, ಶವಾಗಾರದ ಹತ್ತಿರ ಅಳುವ ತಾಯಿಯನ್ನು ಹಿಡಿದುಕೊಳ್ಳುವವರೂ ಅವರೇ. ಆ ನೋವು ಅವರಿಗೆ ಬರೀ ಕೇಸಲ್ಲ, ತಾವೂ ಉಂಡ ಅವಮಾನವೇ. ನಾವು "ಅಕ್ಕ, ಸ್ವಲ್ಪ ರೆಸ್ಟ್ ತಗೊಳ್ಳಿ" ಅಂತ ಹೇಳಿ ಬಿಟ್ಟುಬಿಡುತ್ತೇವೆ. ಅದು ಸಾಲದು. ಬಿಡುವನ್ನು ಅವರು ಕೇಳಿ ಪಡೆಯುವ ಹಾಗಿರಬಾರದು, ಸಂಘವೇ ತೀರ್ಮಾನ ಮಾಡಿ ಕೊಡಬೇಕು.

ಅಮೆರಿಕದ ಕಪ್ಪು ಜನರ ಹೋರಾಟವನ್ನು ನೋಡಿ. ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ 1963ರಲ್ಲಿ ವಿನೋನಾ ಜೈಲಿನಲ್ಲಿ ತಿಂದ ಏಟಿಗೆ ಮೂತ್ರಪಿಂಡ ಹಾಳಾಯಿತು, ಆದರೂ ಮತದಾನದ ಹಕ್ಕಿಗೆ, ಬಡವರ ಜಮೀನಿಗೆ ಓಡಾಡುತ್ತಲೇ ಇದ್ದು 1977ರಲ್ಲಿ 59ನೇ ವಯಸ್ಸಿಗೆ ತೀರಿಕೊಂಡರು. ಎರಿಕಾ ಗಾರ್ನರ್ 2014ರಲ್ಲಿ ನ್ಯೂಯಾರ್ಕ್ ಪೊಲೀಸರ ಕೈಯಲ್ಲಿ ತಂದೆಯನ್ನು ಕಳೆದುಕೊಂಡು ಬೀದಿಗಿಳಿದವರು. 2017ರ ಡಿಸೆಂಬರಿನಲ್ಲಿ ಹೃದಯಾಘಾತವಾಗಿ ಹೋದಾಗ ಅವರಿಗೆ ಬರೀ 27. 1972ರಲ್ಲಿ ಮುಂಬೈಯ ದಲಿತ್ ಪ್ಯಾಂಥರ್ಸ್ ತಮ್ಮ ಹೆಸರನ್ನು ತಂದಿದ್ದು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಹೆಸರಿನ ಜೊತೆ ಈ ಅನುಭವವನ್ನೂ ನಾವು ತಗೊಳ್ಳಬೇಕು.

ಮೊದಲು ತಾರೀಕು. "ಕೆಲಸ ಕಡಿಮೆ ಆದಾಗ" ಅಂದರೆ ಅದು ಯಾವತ್ತೂ ಬರಲ್ಲ. ಏಪ್ರಿಲ್ 14ರಿಂದ ಶುರುವಾಗುವ ಅಂಬೇಡ್ಕರ್ ಜಯಂತಿಗಳು ಹಳ್ಳಿಹಳ್ಳಿಯಲ್ಲಿ ಮೇ ತನಕ ನಡೆಯುತ್ತವೆ, ಡಿಸೆಂಬರ್ 6ರ ಅಂಬೇಡ್ಕರ್ ಪರಿನಿರ್ವಾಣ ದಿನ ಇದೆ, ಜನವರಿ 1ರ ಭೀಮಾ ಕೋರೆಗಾಂವ್ ದಿನ ಇದೆ. ಇವನ್ನೆಲ್ಲ ಬಿಟ್ಟು ವರ್ಷದ ಮೊದಲ ಸಭೆಯಲ್ಲೇ ಒಬ್ಬೊಬ್ಬರಿಗೂ ದಿನ ಗೊತ್ತು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಹತ್ತು ದಿನ ಆದರೆ ಒಳ್ಳೆಯದು. ಎರಡು ದಿನದಲ್ಲಿ ಬರೀ ನಿದ್ದೆ ಬಾಕಿ ತೀರುತ್ತದೆ ಅಷ್ಟೇ.

ಆಮೇಲೆ ಕೆಲಸ ಒಪ್ಪಿಸುವುದು. ಜಾಸ್ತಿ ಕಷ್ಟ ಇರುವುದು ಇಲ್ಲೇ, ಯಾಕೆಂದರೆ ಎಲ್ಲ ವಿಷಯವೂ ಒಬ್ಬರ ತಲೆಯಲ್ಲೇ ಇರುತ್ತದೆ, ಅವರು ಹೋದರೆ ಕೇಸು ಬಿದ್ದುಹೋಗುತ್ತದೆ ಅನ್ನುವ ಭಯ ಅವರಿಗೂ ಇದೆ, ನಮಗೂ ಇದೆ. ಒಂದು ನೋಟ್‌ಬುಕ್ ಇಡಿ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಕೇಸಾದರೆ ಎಫ್‌ಐಆರ್ ನಂಬರ್, ತನಿಖೆ ಮಾಡುತ್ತಿರುವ ಡಿವೈಎಸ್‌ಪಿ ಯಾರು, ಚಾರ್ಜ್‌ಶೀಟಿನ 60 ದಿನ ಯಾವತ್ತಿಗೆ ಮುಗಿಯುತ್ತದೆ, ಪರಿಹಾರದ ಯಾವ ಕಂತು ಬಾಕಿ, ವಕೀಲರ ಫೋನ್, ಊರಿನಲ್ಲಿ ನಂಬಬಹುದಾದವರು ಯಾರು, ಎಲ್ಲ ಅದರಲ್ಲಿರಲಿ. ಬಿಡುವಿಗೆ ಹದಿನೈದು ದಿನ ಮುಂಚೆಯೇ ಇಬ್ಬರು ಕಿರಿಯರು ಅವರ ಜೊತೆ ಠಾಣೆಗೆ, ತಾಲ್ಲೂಕು ಕಚೇರಿಗೆ ಓಡಾಡಲಿ. ಫೋನ್ ಕರೆಗಳು ಆ ಇಬ್ಬರಿಗೆ ಹೋಗುವ ಹಾಗೆ ಮಾಡಿ. "ಅಣ್ಣ, ಒಂದೇ ನಿಮಿಷ" ಅಂತ ಅವರ ಮನೆಯವರ ನಂಬರಿಗೆ ಫೋನ್ ಮಾಡಬೇಡಿ.

ದುಡ್ಡಿನ ಮಾತನ್ನು ಬಾಯಿ ಬಿಟ್ಟು ಆಡಿ. ಕೂಲಿಗೆ ಹೋಗುವವರಿಗೆ ಹತ್ತು ದಿನದ ಬಿಡುವು ಅಂದರೆ ಹತ್ತು ದಿನದ ಕೂಲಿ ಇಲ್ಲ. ಚಂದಾ ಹಣದಲ್ಲಿ ಒಂದು ಪಾಲನ್ನು ಇದಕ್ಕೇ ಅಂತ ತೆಗೆದಿಡಿ, ಬ್ಯಾನರಿಗೆ, ಶಾಲು ಹಾರಕ್ಕೆ ಹೋಗುವುದರಲ್ಲಿ ಸ್ವಲ್ಪ ಕಡಿಮೆ ಮಾಡಿ. ಹೆಣ್ಣುಮಕ್ಕಳಿಗೆ ಇಷ್ಟೂ ಸಾಲದು. ಸಂಘದ ಕೆಲಸ ನಿಂತರೂ ಮನೆಯ ಒಲೆ ನಿಲ್ಲಲ್ಲ, ಅಲ್ವಾ? ಮಕ್ಕಳನ್ನು, ಅತ್ತೆಯ ಔಷಧಿಯನ್ನು ಆ ದಿನಗಳಲ್ಲಿ ಯಾರು ನೋಡಿಕೊಳ್ಳುತ್ತಾರೆ ಅಂತ ಹೆಸರು ಹಿಡಿದು ತೀರ್ಮಾನ ಮಾಡಿ.

ಒಬ್ಬೊಬ್ಬರ ಬಿಡುವು ಒಂದು ಕಡೆ, ಎಲ್ಲರೂ ಸೇರಿ ಸುಧಾರಿಸಿಕೊಳ್ಳುವುದು ಇನ್ನೊಂದು. ವರ್ಷಕ್ಕೆ ಎರಡು ಸಲವಾದರೂ ಒಟ್ಟಿಗೆ ಎಲ್ಲಿಗಾದರೂ ಹೋಗಿ. ಜಾತಿ ಕೇಳದೆ, ಮುಖ ನೋಡದೆ ಊಟ ಹಾಕುವ ಜಾಗ ಹುಡುಕಿ; ಗೆಳೆಯರ ತೋಟದ ಮನೆ ಆದರೂ ಸಾಕು. ದಕ್ಷಿಣ ಕೆರೊಲಿನಾದ ಸೇಂಟ್ ಹೆಲೆನಾ ದ್ವೀಪದ ಪೆನ್ ಸೆಂಟರ್‌ಗೆ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಸಂಗಾತಿಗಳು 1960ರ ದಶಕದಲ್ಲಿ ಹೋಗುತ್ತಿದ್ದರು. ಕಪ್ಪು ಬಿಳಿ ಜನ ಒಟ್ಟಿಗೆ ಉಳಿಯಲು ಆಗ ಆ ಕಡೆ ಸಿಗುತ್ತಿದ್ದ ಜಾಗಗಳೇ ಕಡಿಮೆ. ಮೈ ಬಿಗಿ ಹಿಡಿದು ಕೂರಬೇಕಾದ ಕಡೆ ಯಾರೂ ಸುಧಾರಿಸಿಕೊಳ್ಳಲಾರರು.

ಅಲ್ಲಿ ಅಜೆಂಡಾ ಬೇಡ, ಫೋಟೋ ಬೇಡ. ಅಡುಗೆ ಗಂಡಸರು ಮಾಡಲಿ. ಮಧ್ಯಾಹ್ನ ಮಲಗಲಿ. ಸಂಜೆ ಸುತ್ತ ಕೂತು ಮಾತಾಡುವಾಗ ಒಂದೇ ಕಟ್ಟುನಿಟ್ಟು: ಹೇಳುವವರು ಹೇಳಲಿ, ಉಳಿದವರು ಬುದ್ಧಿ ಹೇಳಬಾರದು, ಅಲ್ಲಿನ ಮಾತು ಹೊರಗೆ ಹೋಗಬಾರದು. ಅತ್ತರೆ ಅಳಲಿ, ತಕ್ಷಣ ಸಮಾಧಾನ ಮಾಡಲು ಹೋಗಬೇಡಿ. ಮಾತು ಬಾರದವರು ಸುಮ್ನೆ ಕೂರಲಿ. ಅವರಿಗೆ ಹಾಡಿದೆ, ತಮಟೆ ಇದೆ. ಪ್ರತಿಭಟನೆಯಲ್ಲಿ ಬೇರೆಯವರಿಗೋಸ್ಕರ ಬಾರಿಸುವ ಕೈಗಳು ಒಂದು ದಿನ ತಮಗೋಸ್ಕರ ಬಾರಿಸಲಿ. ಕುಡಿತವನ್ನು ಮಾತ್ರ ದೂರ ಇಡಿ. ಕುಡಿದರೆ ನಿದ್ದೆಯೂ ಸರಿಯಾಗಿ ಬರಲ್ಲ, ಹೆಣ್ಣುಮಕ್ಕಳಿಗೆ ನಿರಾಳವಾಗಿ ಕೂರಲೂ ಆಗಲ್ಲ.

ಕೊಲೆ, ಅತ್ಯಾಚಾರ, ಮ್ಯಾನ್‌ಹೋಲ್ ಸಾವಿನಂಥ ಜಾಗಕ್ಕೆ ಹೋಗಿ ಬಂದವರನ್ನು ಮಾತ್ರ ಈ ಕೂಟದ ತನಕ ಕಾಯಿಸಬೇಡಿ. ಎರಡು ಮೂರು ದಿನದೊಳಗೆ ಒಟ್ಟಿಗೆ ಕೂರಿ, ಏನು ಕಂಡಿರಿ ಅಂತ ಕೇಳಿ. ಆ ವಾರ ಅವರಿಗೆ ಇನ್ನೊಂದು ಅಂಥದೇ ಕೆಲಸ ಕೊಡಬೇಡಿ. ವಾರಗಟ್ಟಲೆ ನಿದ್ದೆ ಇಲ್ಲ, ಎಲ್ಲರ ಮೇಲೂ ರೇಗುತ್ತಾರೆ, ಬದುಕಿ ಏನು ಪ್ರಯೋಜನ ಅನ್ನುವ ಮಾತು ಬರುತ್ತಿದೆ ಅಂದರೆ ಅದು ನಮ್ಮ ಕೂಟದಿಂದ ವಾಸಿಯಾಗುವಂಥದ್ದಲ್ಲ. ಡಾಕ್ಟರ್ ಹತ್ತಿರ ಜೊತೆಗೇ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಬಿಡುವು ಮುಗಿಸಿ ಬಂದ ದಿನವೇ ಎಲ್ಲ ಫೈಲನ್ನೂ ಅವರ ಮುಂದೆ ಇಡಬೇಡಿ. ಕಿರಿಯರು ಹಿಡಿದ ಕೇಸುಗಳಲ್ಲಿ ಕೆಲವು ಅವರ ಕೈಯಲ್ಲೇ ಉಳಿಯಲಿ, ಮುಂದಿನ ಸಲ ಯಾರ ಸರದಿ ಅಂತ ಅದೇ ವಾರ ನೋಡಿಕೊಳ್ಳಿ.