ಬೆವರುವ ಊರಿನಲ್ಲಿ ನಿಂತ ಹುಬ್ಬು: ನನ್ನ ಅನುಭವ

ಕಾರವಾರದ ಬೆವರಿಗೆ, ಹಚ್ಚೆಯಂತೆ ಚರ್ಮದೊಳಗೆ ಇಳಿಸುವ ಹುಬ್ಬಿನ ಬಣ್ಣ ನಿಲ್ಲುವುದಿಲ್ಲ ಎಂದು ನನಗೆ ಬುದ್ಧಿ ಹೇಳದವರು ಈ ಊರಿನ ಪಾರ್ಲರುಗಳಲ್ಲಿ ಯಾರೂ ಉಳಿದಿರಲಿಲ್ಲ. ಪಕ್ಕದ ಓಣಿಯಲ್ಲಿ ನನಗಿಂತ ಹತ್ತು ವರ್ಷ ಮೊದಲೇ ಬಾಗಿಲು ತೆರೆದ ಅಕ್ಕನೊಬ್ಬರು, "ತಂಗೀ, ಥ್ರೆಡಿಂಗಿನ 50 ರೂಪಾಯಿಗೆ ಚೌಕಾಸಿ ಮಾಡುವವರು ನಿನಗೆ ಸಾವಿರಗಟ್ಟಲೆ ಕೊಡುತ್ತಾರೆಯೇ? ಕೊಡುವಂಥವರು ಗೋವಾದ ಮಡಗಾಂವಿಗೆ ಹೋಗುತ್ತಾರೆ" ಎಂದಿದ್ದರು. ಈಗ ನನ್ನ ಡೈರಿಯಲ್ಲಿ 130ರ ಆಸುಪಾಸು ಗ್ರಾಹಕಿಯರ ಹೆಸರುಗಳಿವೆ. ಕಳೆದ ಡಿಸೆಂಬರಿನಲ್ಲಿ ಗೋವಾ ನೋಂದಣಿಯ ಕಾರೊಂದು ಗಡಿಯ ಮಾಜಾಳಿ ದಾಟಿ ನನ್ನ ಬಾಗಿಲಿಗೇ ಬಂದಾಗ, ಅದನ್ನು ಆ ಅಕ್ಕನಿಗೆ ಕಾಣುವಷ್ಟು ಮುಂದೆ ನಿಲ್ಲಿಸಿ ಎಂದು ಚಾಲಕನಿಗೆ ಹೇಳಿದ್ದೂ ಉಂಟು.

ಮೊದಲು ಕಳೆದುಕೊಂಡ ಲೆಕ್ಕ. 2021ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಮೂರು ದಿನಗಳ ಮೈಕ್ರೋಬ್ಲೇಡಿಂಗ್ ಕೋರ್ಸ್ ಮಾಡಿದೆ, ಅಂದರೆ ಸಣ್ಣ ಬ್ಲೇಡಿನಿಂದ ಹುಬ್ಬಿನ ಚರ್ಮದಲ್ಲಿ ಗೆರೆ ಎಳೆದು ಬಣ್ಣ ಇಳಿಸುವುದು. ಶುಲ್ಕ 45,000, ಕಿಟ್, ಊಟ, ವಸತಿ ಸೇರಿ 60,000 ದಾಟಿತು. ಸೊಸೈಟಿಯಲ್ಲಿ ಸರ ಅಡವಿಟ್ಟು ಹೋಗಿದ್ದೆ. ಅಲ್ಲಿ ಕಲಿಸಿದ್ದು ಕೂದಲೆಳೆಯಂಥ ಗೆರೆಗಳನ್ನು ಮಾತ್ರ. ಎಸಿ ಕೋಣೆ, ಒಣ ಚರ್ಮದ ಮಾಡೆಲ್, ಗೆರೆ ಎಳೆದ ಕೂಡಲೇ ಫೋಟೋ. ಮೂರು ತಿಂಗಳ ನಂತರದ ಫೋಟೋ ಕೇಳಬೇಕೆಂಬ ಬುದ್ಧಿ ನನಗೆ ಆಗ ಇರಲಿಲ್ಲ.

ಇಲ್ಲೇ ಬೈತಖೋಲದ ಹುಡುಗಿಯೊಬ್ಬಳಿಗೆ ಜೂನ್ ತಿಂಗಳಲ್ಲಿ ಮಾಡಿದೆ. ಹೊರಗೆ ಮಳೆ, ಒಳಗೆ ಕರೆಂಟ್ ಇಲ್ಲ, ಎಸಿ ಇಲ್ಲ, ಅವಳ ಹಣೆಯ ಬೆವರು ಒರೆಸಿದಷ್ಟೂ ಬರುತ್ತಿತ್ತು. ಆ ದಿನ ಗೆರೆಗಳು ಚೆನ್ನಾಗಿಯೇ ಕಂಡವು. ಚೌತಿಯ ಹೊತ್ತಿಗೆ ಒಂದಕ್ಕೊಂದು ಸೇರಿ ಮಸಿಯ ಮಚ್ಚೆಯಾದವು. ಅವಳ ಅತ್ತೆ ಬಂದು, "ಇದೇನು ಬಾಯಿ, ಕಾಡಿಗೆ ಕಣ್ಣಿಗೆ ಹಚ್ಚುವುದು ಬಿಟ್ಟು ಮೇಲೆ ಹಚ್ಚಿದ್ದೀರಲ್ಲ" ಎಂದರು. 6,500 ರೂಪಾಯಿ ಮರಳಿಸಿದೆ.

ಅಂಕೋಲೆಯವರೊಬ್ಬರದು ಅದಕ್ಕಿಂತ ಕೆಟ್ಟದ್ದು. ಬಣ್ಣ ಹಿಡಿಯುತ್ತಿಲ್ಲವೆಂದು ಕೈ ಒತ್ತಿದೆ. ಬ್ಲೇಡಿನ ಸಣ್ಣ ಪರಪರ ಸದ್ದು ನಿಂತು ರಕ್ತ ಜಿನುಗಿದಾಗಲೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಹುಬ್ಬು ಬೂದು ನೀಲಿಗೆ ತಿರುಗಿತು. ನಮ್ಮ ಅಜ್ಜಿಯ ಮುಂಗೈಯ ಹಚ್ಚೆ ಹಾಕಿಸಿಕೊಂಡಾಗ ಕಪ್ಪಾಗಿತ್ತಂತೆ. ನಾನು ಕಂಡದ್ದು ಹಸಿರು ಮಿಶ್ರಿತ ನೀಲಿಯನ್ನು. ಕಪ್ಪು ಆಳಕ್ಕಿಳಿದರೆ ಚರ್ಮದ ಮೇಲೆ ನೀಲಿಯಾಗಿಯೇ ಕಾಣುತ್ತದೆ ಎಂಬುದನ್ನು ಮನೆಯಲ್ಲೇ ನೋಡುತ್ತ ಬೆಳೆದವಳಿಗೆ ಅದು ಹೊಳೆಯಲಿಲ್ಲ. ಚರ್ಮರೋಗ ವೈದ್ಯರಲ್ಲಿ ಎರಡು ಬಾರಿ ಲೇಸರ್ ಮಾಡಿಸಿದ ಖರ್ಚನ್ನೂ ನಾನೇ ಕೊಟ್ಟೆ, 9,000ಕ್ಕೆ ಸ್ವಲ್ಪ ಕಡಿಮೆ.

ಎಂಟು ತಿಂಗಳು ಯಾರ ಹುಬ್ಬನ್ನೂ ಮುಟ್ಟಲಿಲ್ಲ. ಅಭ್ಯಾಸಕ್ಕೆ ಬಳಸುವ ಲೇಟೆಕ್ಸ್ (ರಬ್ಬರ್) ಹಾಳೆಯಲ್ಲಿ ಕೈ ಪಳಗುತ್ತದೆ, ಆದರೆ ಆಳ ತಿಳಿಯುವುದಿಲ್ಲ. ಹಾಗಾಗಿ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಅಭ್ಯಾಸ ಮಾಡಿದೆ. ಕೈ ಭಾರವಾದಲ್ಲೆಲ್ಲ ಮರುದಿನ ಸಿಪ್ಪೆ ಕಪ್ಪಾಗಿ ಚಾಡಿ ಹೇಳುತ್ತದೆ. ಮನೆಯವರು ಎರಡು ತಿಂಗಳು ಬಾಳೆಹಣ್ಣಿನ ಹಲ್ವ ತಿಂದು ಸುಸ್ತಾದರು.

ಕೊನೆಗೆ ಗೆರೆ ಎಳೆಯುವುದನ್ನು ಬಿಟ್ಟು ಚುಕ್ಕಿ ಇಡಲು ತೊಡಗಿದೆ. ಮಷಿನ್ನಿನ ಸೂಜಿಯಿಂದ ಸಣ್ಣ ಚುಕ್ಕಿಗಳನ್ನು ತುಂಬುವ ಶೇಡಿಂಗ್, ಪೌಡರ್ ಬ್ರೋ ಎನ್ನುವುದು ಇದನ್ನೇ. ಜಿಡ್ಡು ಚರ್ಮದಲ್ಲಿ ಗೆರೆ ಹರಡಿದರೆ ನಡುವಿನ ಸಂದು ಮುಚ್ಚಿ ರೂಪವೇ ಹೋಗುತ್ತದೆ. ಚುಕ್ಕಿಯೂ ಸ್ವಲ್ಪ ಹರಡುತ್ತದೆ, ಆದರೆ ಕಾಪಾಡಬೇಕಾದ ಸಂದು ಅಲ್ಲಿ ಇಲ್ಲ. ಮಷಿನ್ 18,000, ಇನ್ವರ್ಟರ್ 22,000. ಗ್ರಾಹಕಿ ಮುಖ ತೊಳೆದು ಏನೂ ಹಚ್ಚದೆ ಒಂದು ಗಂಟೆ ಕೂರಬೇಕು, ಆಮೇಲೆ ಹಣೆಗೆ ಟಿಶ್ಯೂ ಒತ್ತುತ್ತೇನೆ. ಎಣ್ಣೆಯ ಗುರುತು ಮೂಡಿದರೆ ಚುಕ್ಕಿಯೇ. ಗೆರೆಯನ್ನು ಪೂರ್ತಿ ಬಿಟ್ಟಿಲ್ಲ. ಶಿರಸಿಯಿಂದ ಘಟ್ಟ ಇಳಿದು ಬಂದ ನಿವೃತ್ತ ಶಿಕ್ಷಕಿಯೊಬ್ಬರ ಒಣ ಚರ್ಮದಲ್ಲಿ ಎಳೆದ ಗೆರೆಗಳು ಒಂದೂವರೆ ವರ್ಷವಾದರೂ ಎಣಿಸುವಂತಿವೆ.

ಬಣ್ಣವನ್ನು ಅವರು ಕೇಳುವುದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿ ಇಡುತ್ತೇನೆ, ಬೆಚ್ಚಗಿನ ಛಾಯೆಯ ಹನಿಗಳನ್ನು ಬೆರೆಸುತ್ತೇನೆ. ಯಾವ ಬಣ್ಣಕ್ಕೆ ಎಷ್ಟು ಹನಿ ಎಂಬುದನ್ನು ಬರೆಯುವುದಿಲ್ಲ. ಆ ಲೆಕ್ಕಕ್ಕೆ ನಾನು ಸರ ಅಡವಿಟ್ಟಿದ್ದೇನೆ. ಹುಬ್ಬಿನ ಬಾಲದ ತುದಿಯಲ್ಲಿ ಕೈ ಎತ್ತುವ ರೀತಿಯೂ ನನ್ನಲ್ಲೇ ಇರಲಿ. ಇನ್ನೊಂದನ್ನು ಮಾತ್ರ ಪುಕ್ಕಟೆಯಾಗಿ ಹೇಳುತ್ತೇನೆ: ಆಕಾರ ಬರೆಯುವಾಗ ಗ್ರಾಹಕಿ ಕುಳಿತಿರಲಿ. ಮಲಗಿಸಿ ಅಳೆದು ಒಬ್ಬರ ಎಡಹುಬ್ಬನ್ನು ಮೇಲೇರಿಸಿಬಿಟ್ಟಿದ್ದೆ, ಅವರು ಆರು ತಿಂಗಳು ಯಾವುದನ್ನೋ ಅನುಮಾನಿಸುತ್ತಿರುವವರಂತೆ ಓಡಾಡಿದರು.

ಯಾರಿಗೆ ಬೇಡ ಎನ್ನುತ್ತೇನೆ ಎಂಬುದರಲ್ಲೇ ನನ್ನ ಅರ್ಧ ಹೆಸರು ಉಳಿದಿದೆ. ಗರ್ಭಿಣಿಯರು, ಎದೆಹಾಲು ಕುಡಿಸುವವರು, ಗಾಯದ ಕಲೆ ಉಬ್ಬಿ ಗಂಟಾಗುವ ಚರ್ಮದವರು, ಸಕ್ಕರೆ ಹತೋಟಿಯಲ್ಲಿ ಇಲ್ಲದವರು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರನ್ನು ವೈದ್ಯರ ಬಳಿ ಕಳುಹಿಸುತ್ತೇನೆ. ಮಾತ್ರೆ ಬಿಟ್ಟು ಬನ್ನಿ ಎಂದು ಹೇಳುವ ಅಧಿಕಾರ ನಮಗಿಲ್ಲ. ಮೊಡವೆಗೆ ಐಸೊಟ್ರೆಟಿನೋಯಿನ್ ತಿನ್ನುತ್ತಿರುವ ಹುಡುಗಿಯರು ಅದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ, ಹೆಸರು ಹಿಡಿದೇ ಕೇಳಬೇಕು. ಬಣ್ಣ ಚರ್ಮಕ್ಕೆ ಒಗ್ಗುತ್ತದೆಯೇ ಎಂದು ಮೊದಲೇ ನೋಡುವ ಪ್ಯಾಚ್ ಟೆಸ್ಟ್ ಬೇಡವೆಂದು ಅವಸರ ಮಾಡಿದವರು ನನ್ನ ಕುರ್ಚಿ ಏರುವುದಿಲ್ಲ. ರಕ್ತದಾನ ಮಾಡುವವರಿಗೆ ಒಂದು ವರ್ಷ ಅದು ಸಾಧ್ಯವಿಲ್ಲವೆಂದು ಮೊದಲೇ ತಿಳಿಸುತ್ತೇನೆ. ಸೂಜಿಯ ಪೊಟ್ಟಣವನ್ನು ಅವರ ಕಣ್ಣೆದುರಿಗೇ ಒಡೆಯುತ್ತೇನೆ, ಕೆಲಸ ಮುಗಿದ ಮೇಲೆ ಅವರ ಕಣ್ಣೆದುರಿಗೇ ಸೂಜಿಯನ್ನು ಡಬ್ಬಿಗೆ ಹಾಕುತ್ತೇನೆ.

ಜೂನ್‌ನಿಂದ ಆಗಸ್ಟ್‌ವರೆಗೆ ಈ ಕೆಲಸ ಬಂದ್. ಅದರಲ್ಲಿ ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧದಿಂದ ಟ್ರಾಲ್ ದೋಣಿಗಳೂ ದಡದಲ್ಲೇ ಇರುತ್ತವೆ, ಕೈಯಲ್ಲಿ ಕಾಸಿರುವುದಿಲ್ಲ, ಆದ್ದರಿಂದ ನನಗೆ ನಷ್ಟವೂ ಅಷ್ಟಕ್ಕಷ್ಟೇ. ಏಪ್ರಿಲ್ ಮದುವೆಯ ಹುಡುಗಿಯರು ಜನವರಿಯಲ್ಲೇ ಬರಬೇಕು. ಮಾರ್ಚ್ ಮೊದಲ ವಾರ ಟಚ್‌ಅಪ್, ಅಂದರೆ ಬಣ್ಣ ಬಿಟ್ಟ ಕಡೆ ಎರಡನೆಯ ಬಾರಿ ತುಂಬುವುದು.

ನಂತರದ ಹತ್ತು ದಿನಗಳದ್ದೇ ದೊಡ್ಡ ಗೋಳು. ನಾಲ್ಕನೆಯ ದಿನದಿಂದ ಹಕ್ಕಳೆ ಏಳುತ್ತದೆ, ಅದನ್ನು ಕೀಳುತ್ತಾರೆ. ಹತ್ತನೆಯ ದಿನ ಬಣ್ಣ ಮಾಯವಾದಂತೆ ಕಂಡು, "ದುಡ್ಡು ನೀರಿಗೆ ಹೋಯಿತು" ಎಂದು ಫೋನ್ ಮಾಡುತ್ತಾರೆ. ನಾಲ್ಕು ವಾರಗಳಲ್ಲಿ ಅದು ಮರಳಿ ಮೂಡುತ್ತದೆ. ಮೀನು ನಂಜಲ್ಲವೇ, ಬಿಡಬೇಕೇ ಎಂದು ಕೇಳದವರಿಲ್ಲ. ತಿನ್ನಿ, ಆದರೆ ಹುರಿಯುವವರು ಬೇರೆ ಯಾರಾದರೂ ಆಗಲಿ ಎನ್ನುತ್ತೇನೆ. ಹುಬ್ಬಿನ ಬಣ್ಣ ಕೆಡಿಸುವುದು ಬಂಗಡೆಯಲ್ಲ, ಒಲೆಯ ಮುಂದಿನ ಹಬೆ ಮತ್ತು ಬೆವರು. ಎಷ್ಟೋ ಸೊಸೆಯಂದಿರಿಗೆ ಈ ಮಾತು ಬಣ್ಣಕ್ಕಿಂತ ಹೆಚ್ಚು ಇಷ್ಟವಾಗಿದೆ.

ಬಣ್ಣ ಇಳಿಸಿದ ಹುಬ್ಬಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕೇ ಬೇಡವೇ ಎಂಬ ವಾದವನ್ನು ತಂಗಿಯ ಮೇಲೆಯೇ ತೀರಿಸಿದೆ. ಎಡಹುಬ್ಬನ್ನು ಒಣದಾಗಿ ಬಿಟ್ಟು ಬಲಕ್ಕೆ ದಿನಕ್ಕೆ ಮೂರು ಬಾರಿ ಎಣ್ಣೆ ಹಚ್ಚಿಸಿದೆ. ಬಲಗಡೆಯ ಹಕ್ಕಳೆ ನೆನೆದು ಬೇಗ ಬಿದ್ದು, ಬಣ್ಣ ಅಲ್ಲಲ್ಲಿ ಹಾರಿತು. ಒಬ್ಬಳ ಮೇಲಿನ ಪರೀಕ್ಷೆ, ನಿಜ. ಆದರೂ ಅಂದಿನಿಂದ ಮೊದಲ ಎರಡು ದಿನ ಜಿನುಗುವ ನೀರನ್ನು ಒತ್ತಿ ತೆಗೆಯುವುದು, ಮೂರನೆಯ ದಿನದಿಂದ ಅಕ್ಕಿಕಾಳಿನಷ್ಟು ಮುಲಾಮು, ಅಷ್ಟೇ. ತಂಗಿ ಗೆಳತಿಯ ಮದುವೆಗೆ ಒಂದು ಹುಬ್ಬಿಗೆ ಪೆನ್ಸಿಲ್ ಹಚ್ಚಿಕೊಂಡು ಹೋದಳು, ಊಟಕ್ಕೆ ಕೂತಾಗ ಅರ್ಧ ಅಳಿಸಿತಂತೆ.

ದರ ಈಗ 9,000, ಟಚ್‌ಅಪ್ ಸೇರಿ. ಸಾಮಾನಿಗೆ ಒಬ್ಬರಿಗೆ 900ರಿಂದ 1,000 ಹೋಗುತ್ತದೆ, ಸಮಯ ಎರಡು ಬಾರಿ ಸೇರಿ ಐದು ಗಂಟೆ. ಮೂರು ಸಾವಿರಕ್ಕೆ ಮಾಡುವವರಿದ್ದಾರಲ್ಲ ಎಂದರೆ, ಅವರ ಹಳೆಯ ಗ್ರಾಹಕಿಯರ ಹುಬ್ಬು ನೋಡಿ ಬನ್ನಿ ಎಂದಷ್ಟೇ ಹೇಳುತ್ತೇನೆ. ಸರ ಬಿಡಿಸಿಕೊಂಡು ಎರಡು ವರ್ಷವಾಯಿತು.

ಸದ್ಯ ಕೈಯಲ್ಲಿರುವುದು ಹೊಸ ಹುಚ್ಚು: ಬೇರೆಡೆ ಮಾಡಿಸಿಕೊಂಡು ಬೂದು ಬಣ್ಣಕ್ಕೆ ತಿರುಗಿದ ಹುಬ್ಬಿಗೆ ಕಿತ್ತಳೆ ಛಾಯೆ ಹಾಕಿ ಕಂದು ಬಣ್ಣಕ್ಕೆ ತರುವುದು. ನಾದಿನಿ ಒಪ್ಪಿದ್ದಾಳೆ. ಮೂರು ವಾರ ಕಳೆದಿದೆ, ಎಡಗಡೆ ಸರಿಯಾಗಿದೆ, ಬಲಗಡೆಯ ಬಾಲದಲ್ಲಿ ಇನ್ನೂ ಬೂದು ಇಣುಕುತ್ತಿದೆ. ಅವಳು ಬಲ ಮಗ್ಗುಲಲ್ಲಿ ಮಲಗುವವಳು. ಕಾರಣ ಅದೇ ಇರಬೇಕು ಎಂದು ಅವಳಿಗೆ ಹೇಳಿದ್ದೇನೆ, ನನ್ನ ಕೈಯ ಮೇಲೂ ಸ್ವಲ್ಪ ಅನುಮಾನವಿದೆ.